ಮೂಲೆಯ ಮಣ್ಣಿಗೆ ಸಿಕ್ಕ ಪ್ರಮಾಣಪತ್ರ

ಮಣ್ಣು ಮುಟ್ಟದೆ ಮಣ್ಣು ಪರೀಕ್ಷಿಸಿದ ಮಾನ್ಯರೇ,

ಹೊಸಬಾಳೆಯ ನಮ್ಮ ಹೊಲದಲ್ಲಿ ಕೀಟನಾಶಕದ ವಿಷ ಅಳಿದಿದೆ ಎಂದು ನಿಮ್ಮ ಕಚೇರಿ ಕೊಟ್ಟಿರುವ ವರದಿ ತಪ್ಪು. ಅದನ್ನು ಹಿಂದಕ್ಕೆ ಪಡೆಯಿರಿ. ತಪ್ಪಿನಲ್ಲಿ ಅರ್ಧ ನಮ್ಮ ಮನೆಯದು, ಅದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಮೂರು ವರ್ಷ ಆ ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದೆವು. ಅವರು ಹೊಡೆದ ಔಷಧಿ ಅಷ್ಟಿಷ್ಟಲ್ಲ. ಕೊನೆಗೆ ಎಲ್ಲಿ ಅಗೆದರೂ ಒಂದು ಎರೆಹುಳ ಕಾಣಲಿಲ್ಲ. ಆಗ ಬಂದಿರಿ ನೀವು. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಬ್ಬಿಣದ ನ್ಯಾನೋ ಕಣಗಳು ವಿಷವನ್ನು ಒಡೆದುಹಾಕುತ್ತವೆ ಎಂದಿರಿ. ಆ ಕಣ ಕಲಸಿದ ಕಪ್ಪು ನೀರು ಹೊಯ್ಯಿಸಿ, ಫಲಕ ನಿಲ್ಲಿಸಿ, ಫೋಟೊ ತೆಗೆಸಿಕೊಂಡಿರಿ. ನಾನು ನಂಬಿದೆ, ಈಗಲೂ ಆ ವಿದ್ಯೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಿಮ್ಮ ಜೀಪಿನ ಮೇಲೆ. ಅಷ್ಟು ಸಣ್ಣ ಕಣವನ್ನು ನೆಚ್ಚಿದ ನಿಮಗೆ ನಮ್ಮ ಕೆಸರು ಅಷ್ಟು ದೊಡ್ಡದಾಗಿ ಕಂಡಿತೇ?

ಮೂರು ತಿಂಗಳ ಬಳಿಕ ಮಾದರಿ ಒಯ್ಯಲು ಬಂದವರು ಜೀಪಿನಿಂದ ಇಳಿಯಲೇ ಇಲ್ಲ. ಕಿಟಕಿಯಿಂದಲೇ ಚೀಲ ಚಾಚಿ, ಒಂದಿಷ್ಟು ಮಣ್ಣು ತುಂಬಿಕೊಡಿ ಎಂದು ನನ್ನ ಅತ್ತೆ ಶೇಷಮ್ಮನವರಿಗೆ ಹೇಳಿದರು. ಅತ್ತೆ ತುಂಬಿಕೊಟ್ಟರು. ಹೊಲದ ನಡುವಿನದ್ದಲ್ಲ, ಈಶಾನ್ಯ ಮೂಲೆಯದು. ಬೆಳೆ ಹೊತ್ತ ಭೂಮಿಗೆ ಸೀಮಂತ ಮಾಡುವ ಭೂಮಿ ಹುಣ್ಣಿಮೆಗೆ ಪ್ರತಿ ವರ್ಷ ನಾವು ಭೂಮಿತಾಯಿಗೆ ಎಡೆ ಹೂಳುವ ಜಾಗ ಅದು. ಗುತ್ತಿಗೆಯವರಿಗೂ ಅಲ್ಲಿ ಔಷಧಿ ಹೊಡೆಯಲು ಬಿಟ್ಟಿರಲಿಲ್ಲ. ನಿಮ್ಮ ಕಪ್ಪು ನೀರೂ ಅಲ್ಲಿ ಬಿದ್ದಿಲ್ಲ. ವರದಿ ಬಂದಮೇಲೆ ಯಾಕೆ ಹಾಗೆ ಮಾಡಿದಿರಿ ಎಂದು ಅತ್ತೆಯನ್ನು ಕೇಳಿದೆ.

"ಮನೆ ಬಾಗ್ಲಿಗೆ ಬಂದು ಕೇಳ್ದೋರಿಗೆ ಕೆಟ್ಟ ಮಣ್ಣು ಕೊಡಾಕಾಗ್ತದೇನೆ ಮಾಲಾ?" ಎಂದರು.

ಅವರ ಮರ್ಯಾದೆಗೂ ನಿಮ್ಮ ಸೋಮಾರಿತನಕ್ಕೂ ಹುಟ್ಟಿದ ವರದಿ ಅದು. ಈಗ ಅದನ್ನೇ ಹಿಡಿದುಕೊಂಡು ಅಂಜನಾಪುರದ ಕಾಲುವೆ ಬದಿಯ ಜಮೀನುಗಳಿಗೂ ಇದೇ ಚಿಕಿತ್ಸೆ ಎನ್ನುತ್ತಿದ್ದೀರಂತೆ. ಫೋನು ಮಾಡಿದರೆ, ರಿಪೋರ್ಟ್ ಚೆನ್ನಾಗೇ ಬಂದಿದೆಯಲ್ಲ, ನಿಮಗ್ಯಾಕ್ರೀ ತಲೆಬಿಸಿ ಎನ್ನುತ್ತಾರೆ ನಿಮ್ಮವರು.

ಯಾಕೆಂದರೆ ನಾನು ಆರು ತಿಂಗಳ ಬಸುರಿ. ಭೂಮಿ ಹುಣ್ಣಿಮೆಗೆ ಇನ್ನು ಹನ್ನೆರಡೇ ದಿನ. ಅಂದು ಹೊಲದಲ್ಲೇ ಕೊಯ್ದ ಬೆರಕೆ ಸೊಪ್ಪು ಬೇಯಿಸಿ, ಬಸುರಿ ಭೂಮಿಗೆ ಒಂದು ತುತ್ತು, ಮನೆಯ ಬಸುರಿಗೆ ಒಂದು ತುತ್ತು ಕೊಡುವುದು ನಮ್ಮ ಮನೆಯ ಪದ್ಧತಿ. ಕೂತಲ್ಲಿ ಕೂರಲಾಗದೆ ದಿನಕ್ಕೆ ಮೂರು ಸಲ ಹೋಗಿ ಹೊಲದ ನಡುವೆ ಅಗೆದು ನೋಡುತ್ತೇನೆ. ಎರೆಹುಳ ಇನ್ನೂ ಬಂದಿಲ್ಲ. ನನಗೆ ಭಯವಾಗಿದೆ.

ಹುಣ್ಣಿಮೆಯೊಳಗೆ ಬನ್ನಿ. ಜೀಪಿನಿಂದ ಇಳಿದು, ಹೊಲದ ನಡುವಿನ ಮಣ್ಣನ್ನು ನಿಮ್ಮ ಕೈಯಾರೆ ಅಗೆದು ಒಯ್ದು, ಬಂದ ಫಲಿತಾಂಶವನ್ನು ಬಂದಂತೆ ಬರೆಯಿರಿ. ಅದಕ್ಕೆ ಪುರುಸೊತ್ತಿಲ್ಲವಾದರೆ ಹುಣ್ಣಿಮೆಯ ದಿನ ಊಟಕ್ಕಾದರೂ ಬನ್ನಿ. ಹೊಲದ ನಡುವಿನ ಸೊಪ್ಪನ್ನೇ ಬೇಯಿಸಿರುತ್ತೇವೆ, ಮೊದಲ ತುತ್ತು ನಿಮಗೆ. ಬಂದವರಿಗೆ ಕೆಟ್ಟದ್ದು ಬಡಿಸಬಾರದು ಎಂದು ಅತ್ತೆ ತಡೆಯುತ್ತಿದ್ದಾರೆ. ಕೆಟ್ಟದ್ದಲ್ಲ ಅತ್ತೆ, ಅವರ ವರದಿಯೇ ಹೇಳುತ್ತದೆ ಎಂದಿದ್ದೇನೆ.

ಇಂತಿ,
ಕಾಗದದಲ್ಲಿ ಮಾತ್ರ ಶುದ್ಧವಾದ ಹೊಲದ
ಮಾಲಾ, ಹೊಸಬಾಳೆ