ನಾಲ್ಕನೇ ನಂಬರಿಗೆ ಕೆಂಪು ಗೆರೆ

೮ ಡಿಸೆಂಬರ್ ೨೦೨೫, ಸೋಮವಾರ. ಬೆಳಿಗ್ಗೆ ೫.೧೦

ಎಸರಿಗೆ ಇಟ್ಟಿದ್ದೇನೆ. ಕುದಿಯುವವರೆಗೆ ಬರೆಯುತ್ತೇನೆ.

ಸೊಲ್ಲಾಪುರದ ಶೋ ಮುಗಿಸಿ ಬಂದು ಮುಟ್ಟಿದ್ದು ರಾತ್ರಿ ಎರಡಕ್ಕೆ. ಮಲಗಿಲ್ಲ. ಮಲಗಿದ್ದರೂ ಕಿವಿ ಬಿಡುತ್ತಿರಲಿಲ್ಲ. ಡೆನ್ಜಿಲ್ ಕುಟಿನೊ, ವಯಸ್ಸು ೭೨. ಹಾಡು ೩೩. ಸಮಯ ೩ ತಾಸು ೫೨ ನಿಮಿಷ. ಇಂಟರ್‌ವಲ್ ಇಲ್ಲ, ಕುರ್ಚಿ ಇಲ್ಲ. ನಡುವೆ ಕುಡಿದದ್ದು ಎರಡು ಲೋಟ ಲಿಂಬು ನೀರು. ನನ್ನ ಖಾನಾವಳಿಗೆ ಬರುವ ಮೂವತ್ತರ ಹುಡುಗರು ಎರಡನೇ ರೊಟ್ಟಿಗೇ ಬೆಲ್ಟು ಸಡಿಲಿಸುತ್ತಾರೆ. ಈ ಮುದುಕ ಕೊನೆಯ ಹಾಡಿಗೆ ಜಿಗಿದ.

ಹದಿನೇಳನೇ ವಯಸ್ಸಿಗೆ ತಿಕೋಟಾ ಬಿಟ್ಟು ಬೆಳಗಾವಿ ಕ್ಯಾಂಪಿನ ಹಾಸ್ಟೆಲಿಗೆ ಅಡುಗೆ ಕೆಲಸಕ್ಕೆ ಹೋದಾಗ ಗೋಡೆಯಾಚೆ ಇವನ ಬ್ಯಾಂಡು ಪ್ರಾಕ್ಟೀಸ್ ಮಾಡುತ್ತಿತ್ತು. ಮೊದಲ ವಾರ ಶಾಪ ಹಾಕಿದೆ. ಎರಡನೇ ವಾರ ಅವರ ಡ್ರಮ್ಮಿನ ಲೆಕ್ಕಕ್ಕೆ ರೊಟ್ಟಿ ಬಡಿದೆ. ತಾಸಿಗೆ ಹದಿನೆಂಟು ರೊಟ್ಟಿ ಹೆಚ್ಚಾಯಿತು. ಅಂದಿನಿಂದ ನಾನು ಅವನ ಪಾರ್ಟಿ.

ಮುಖ್ಯ ವಿಷಯ. ನಮ್ಮ ಮೂವರ ಪದ್ಧತಿ: ಶೋ ನಡೆಯುವಾಗ ಹಾಡಿನ ಪಟ್ಟಿ ಬರೆಯುವುದು. ಒಬ್ಬರದು ಒಬ್ಬರು ನೋಡುವಂತಿಲ್ಲ. ಮರಳಿ ಬರುವ ದಾರಿಯಲ್ಲಿ, ಈ ಸಲ ಝಳಕಿಯಲ್ಲಿ, ಚಹಾದ ಮೇಲೆ ತಾಳೆ ನೋಡುವುದು. ನನ್ನದು ೩೩. ಬಬಲೇಶ್ವರದ ಫೈಜಲ — ಗಾಡಿ ವೈರಿಂಗ್ ಮಾಡುವವನು, ನಾವು ಹೋಗುವ ಜೀಪೂ ಅವನದೇ — ೩೩. ಸುಶೀಲೇಂದ್ರ ಸಾಹೇಬರದು ೩೦.

ಸಾಹೇಬರದು! ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಹತ್ತೊಂಬತ್ತು ಶೋ ನೋಡಿದವರು. ಡೆನ್ಜಿಲ್ ಯಾವ ಊರಿನಲ್ಲಿ ಯಾವ ಹಾಡಿನ ಯಾವ ಸಾಲು ನುಂಗಿದ ಎಂದು ಹೇಳುವವರು. ಬಿಟ್ಟದ್ದು ‘ಅಮ್ಮನ ಛತ್ರಿ’, ‘ಖಾಲಿ ಬಸ್ಸು’, ‘ಮಂಗಳವಾರ’.

“ನಿಂತಲ್ಲೇ ನಿದ್ದಿ ಹೊಡದ್ರೇನ್ರಿ ಸಾಹೇಬ್ರ?” ಎಂದೆ. ನಗಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿ ಕಿಸೆಗಿಟ್ಟುಕೊಂಡರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರನ್ನು ಗೆದ್ದಿದ್ದೇನೆ. ಬರೆದಿಡುವ ಸಂಗತಿ.

ಕುದಿಯಿತು.

೧೯ ಡಿಸೆಂಬರ್, ಶುಕ್ರವಾರ

ಬರುತ್ತಾನೆ. ನಮ್ಮ ಊರಿಗೇ ಬರುತ್ತಾನೆ. ಫೆಬ್ರುವರಿ ೮, ರವಿವಾರ, ಬಬಲೇಶ್ವರ ರಸ್ತೆಯ ಹೊಸ ಲೇಔಟಿನ ಬಯಲು. ಇನ್ನೂ ಮನೆ ಎದ್ದಿಲ್ಲ, ಬರೀ ಕಲ್ಲು ನೆಟ್ಟಿದ್ದಾರೆ. ಫೈಜಲ ಊಟದ ಗದ್ದಲದಲ್ಲೇ ಅಡುಗೆಮನೆಗೆ ನುಗ್ಗಿ ಫೋನ್ ಹಿಡಿದ. ನನ್ನ ಕೈಯ ಹಿಟ್ಟು ಅವನ ಸ್ಕ್ರೀನಿಗೆ.

ಸಾಹೇಬರು ಎರಡಕ್ಕೆ ಬಂದರು. ಮನೆ ಇಲ್ಲೇ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ. ಸುದ್ದಿ ಹೇಳಿದೆ. ಮುರಿದ ರೊಟ್ಟಿ ತಾಟಿಗಿಟ್ಟರು.

“ಈ ಸಲ ಮುಂದ ಬ್ಯಾರಿಕೇಡ್ ಹಿಡಕೊಂಡ ನಿಲ್ಲಬೇಕಾಗ್ಯದ್ರಿ ಸಕ್ರವ್ವ. ಇದೊಂದ ಸಲ.”

ವಿಚಿತ್ರ. ಹತ್ತೊಂಬತ್ತು ಶೋಗಳಲ್ಲಿ ಒಮ್ಮೆಯೂ ಮುಂದೆ ನಿಂತವರಲ್ಲ. ಸೌಂಡ್ ಸಿಸ್ಟಮ್‌ನವನ ಹಿಂದೆ ನಿಂತರೇ ಹಾಡು ಸರಿಯಾಗಿ ಕೂಡಿ ಬರುತ್ತದೆ, ಮುಂದೆ ನಿಲ್ಲುವುದು ಹುಡುಗರ ಚಟ ಎಂದು ನಮಗೆ ಪಾಠ ಹೇಳುತ್ತಿದ್ದವರು. ಯಾಕೆ ಎಂದು ಕೇಳಿದರೆ ಪಲ್ಯ ಚೆನ್ನಾಗಿದೆ ಎಂದರು.

ಮುಂದೆ ಮೂವತ್ತು ಮಂದಿಗೆ ಜಾಗ. ಆಮೇಲಿನವರು ತಲೆ ನೋಡಬೇಕು. ಆ ಮೂವತ್ತು ಯಾರು ಎನ್ನುವುದು ನನ್ನ ರಿಜಿಸ್ಟರಿನಲ್ಲಿದೆ. ಕೊಲ್ಲಾಪುರದ ಶೋದಲ್ಲಿ ಗೇಟಿನ ಪಾಳಿ ಸಾಲಿಗಾಗಿ ಹೊಡೆದಾಟ ಆದ ಮೇಲೆ ರೂಲು ಮಾಡಿದವಳು ನಾನು. ಹೆಸರು ಬಂದ ಸರದಿಗೆ ನಂಬರು. ಮೂರು ಹಾಜರಿ: ಹಿಂದಿನ ಸಂಜೆ, ಶೋ ದಿನ ಬೆಳಿಗ್ಗೆ, ಮಧ್ಯಾಹ್ನ. ನಂಬರನ್ನು ಮೂರು ಸಲ ಕೂಗುವುದು, ಓ ಎನ್ನದಿದ್ದರೆ ಕೆಂಪು ಗೆರೆ, ಹೋಗಿ ಕೊನೆಗೆ ನಿಲ್ಲಬೇಕು. ನಂಬರು ಇನ್ನೊಬ್ಬರಿಗೆ ಕೊಡುವಂತಿಲ್ಲ. ನಡುವೆ ಮನೆಗೆ ಹೋಗಿ ಬರಬಹುದು. ಗೇಟಿನವರೂ ಒಪ್ಪುತ್ತಾರೆ, ಜಗಳ ಕಡಿಮೆಯಾದರೆ ಅವರಿಗೇ ಹಗುರ.

ಸಾಹೇಬರಿಗೆ ನಾಲ್ಕು ಬರೆದೆ. ಮೂರು, ಆಗಲೇ ಫೋನ್ ಮಾಡಿದ ಸಾಂಗ್ಲಿಯವನು. ಎರಡು ಫೈಜಲ. ಒಂದು ನಾನು. ರೂಲು ಮಾಡಿದವಳಿಗೆ ಅಷ್ಟು ಬೇಡವೇ.

೩ ಜನವರಿ, ಶನಿವಾರ

ವತ್ಸಲಾಬಾಯಿಯವರು, ಸಾಹೇಬರ ಮನೆಯವರು, ಕಡಕ್ ರೊಟ್ಟಿ ಒಯ್ಯಲು ಬಂದಿದ್ದರು. ಗಂಡನ ಮೇಲೆ ಸಿಟ್ಟು. ಟಿವಿ ದನಿ ಏರಿಸಿ ಇಡೀ ಓಣಿಗೆ ಸುದ್ದಿ ಹೇಳಿಸುತ್ತಾರಂತೆ, ಹೆಂಡತಿ ಕರೆದರೆ ಮಾತ್ರ ಗೋಡೆಯಂತೆ ಕೂತಿರುತ್ತಾರಂತೆ. ನಲವತ್ತು ವರ್ಷ ಸಂಸಾರ ಮಾಡಿದ ಗಂಡಸರೆಲ್ಲ ಹಾಗೆಯೇ ಎಂದು ಸಮಾಧಾನ ಹೇಳಿ ಕಳಿಸಿದೆ. ಸಮಾಧಾನ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಪಟ್ಟಿಯಲ್ಲಿ ಇವತ್ತಿಗೆ ೮೮ ಹೆಸರು. ಹುಬ್ಬಳ್ಳಿ, ಸಾಂಗ್ಲಿ, ಕಲಬುರಗಿ. ಕನಮಡಿಯಿಂದ ಒಬ್ಬ ಕುರಿಗಾರ ಫೋನ್ ಮಾಡಿ, ಡೆನ್ಜಿಲ್ ‘ರೇಲ್ವೆ ಗೇಟ್’ ಪೂರಾ ಬಾರಿಸುತ್ತಾನೋ ಅರ್ಧವೋ ಎಂದು ವಿಚಾರಿಸಿದ. ಪೂರಾ, ಇಪ್ಪತ್ತೆರಡು ನಿಮಿಷ ಎಂದೆ. ಹಾಗಾದರೆ ಕುರಿ ಅಣ್ಣನಿಗೆ ಒಪ್ಪಿಸಿ ಬರುತ್ತೇನೆ ಎಂದ.

೭ ಫೆಬ್ರುವರಿ, ಶನಿವಾರ. ಸಂಜೆ ೭

ತಿಂಗಳಿಂದ ಬರೆದಿಲ್ಲ. ಹಗಲು ರೊಟ್ಟಿ, ಸಂಜೆ ಫೋನು.

ಮೊದಲ ಹಾಜರಿ ಆಯಿತು. ೧೪೨ ಹೆಸರಿನಲ್ಲಿ ಗೈರು ಒಂಬತ್ತು. ಬಯಲಿನಲ್ಲಿ ಸ್ಟೇಜಿನ ಕಬ್ಬಿಣ ಎದ್ದಿದೆ. ಅಪರಿಚಿತರು ಕೂಡ ಬಂಧು ಬಂದಂತೆ ತಬ್ಬಿಕೊಳ್ಳುತ್ತಾರೆ. ಒಬ್ಬರು ೧೯೯೪ರ ಟಿಕೆಟು ತೋರಿಸಿದರೆ ಇನ್ನೊಬ್ಬರು ೯೧ರದು ತೆಗೆಯುತ್ತಾರೆ. ನಾನು ಟಿಕೆಟೇ ಇಲ್ಲದೆ ಗೋಡೆಯಾಚೆ ಕೇಳಿದವಳು ಎಂದೆ. ಇಬ್ಬರೂ ಟಿಕೆಟು ಕಿಸೆಗಿಟ್ಟರು.

ಸಾಹೇಬರು ಎದುರಿಗೇ ನಿಂತಿದ್ದರು. ನಾಲ್ಕು ಎನ್ನುವ ಮೊದಲೇ ಕೈ ಎತ್ತಿದರು. ಕೂಗುವಷ್ಟು ಹೊತ್ತೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಲೆಅಡಿಕೆ ಕಲೆ ಇದೆಯೇನೋ ಎಂದು ಒರೆಸಿಕೊಂಡೆ.

೮ ಫೆಬ್ರುವರಿ, ರವಿವಾರ. ಬೆಳಿಗ್ಗೆ ೭.೫೦

ಎರಡನೇ ಹಾಜರಿ ಏಳಕ್ಕೆ. ನಾಲ್ಕು ಎಂದೆ. ಉತ್ತರ ಇಲ್ಲ. ನಾಲ್ಕು. ನಾಲ್ಕು. ಸುಮ್ಮನೆ ಕೂಗಲಿಲ್ಲ, ಊಟದ ಗದ್ದಲದಲ್ಲಿ ಹೊರಗಿನ ಬೆಂಚಿಗೆ ಮುಟ್ಟುವ ದನಿಯಲ್ಲಿ ಕೂಗಿದೆ. ಫೈಜಲ ನನ್ನ ಮುಖ ನೋಡಿದ. ನೂರಾ ಮೂವತ್ತು ಮಂದಿ ನೋಡುತ್ತಿದ್ದರು. ಆಗಲೇ, ತಡವಾಗಿ ಓಡಿಬಂದ ಮೂರನೇ ನಂಬರಿನ ಸಾಂಗ್ಲಿಯವನಿಗೆ ಗೆರೆ ಎಳೆದಿದ್ದೆ, ಅವನು ಗೊಣಗುತ್ತ ಪಕ್ಕದಲ್ಲೇ ನಿಂತಿದ್ದ.

ಕೆಂಪು ಗೆರೆ ಎಳೆದೆ.

ಆರು ಎನ್ನುವಾಗ ಸಾಹೇಬರು ಕಂಡರು. ಹತ್ತು ಹೆಜ್ಜೆ ಆಚೆ ಚಹಾದ ಗಾಡಿಯ ಹತ್ತಿರ, ನಮಗೆ ಬೆನ್ನು. ತಿರುಗಿ ಬಂದರು, ಕೈಯಲ್ಲಿ ಎರಡು ಕಪ್ಪು. ಒಂದು ನನಗೆ. ರಿಜಿಸ್ಟರು ನೋಡಿದರು.

ಸಾಹೇಬರು ನೂರಕ್ಕೆ ನೂರು ಅಲ್ಲೇ ಇದ್ದವರು. ಹೇಗೆ ಕೇಳಲಿಲ್ಲ ಎಂದು ನಾಲ್ಕು ಮಂದಿ ಒಮ್ಮೆಲೇ ಕೇಳಿದರು. ಸಾಹೇಬರು, ಎಲ್ಲೋ ಲಕ್ಷ್ಯ ಇತ್ತು, ರೂಲು ಅಂದರೆ ರೂಲು ಎಂದು ಹೇಳಿ ಪಾಳಿಯ ಕೊನೆಗೆ ನಡೆದರು. ಹೊಸ ನಂಬರು ೧೪೫.

ಚಹಾ ಆರಿತು. ಕುಡಿಯಲಾಗಲಿಲ್ಲ.

ಬೆಳಿಗ್ಗೆ ೧೧.೨೦

ಖಾನಾವಳಿಗೆ ಬಂದು ಮೊದಲು ಮಾಡಿದ ಕೆಲಸ, ಡಿಸೆಂಬರಿನ ಹಾಳೆ ತೆಗೆದದ್ದು. ಸಾಹೇಬರು ಸೊಲ್ಲಾಪುರದಲ್ಲಿ ಬಿಟ್ಟ ಮೂರು ಹಾಡು. ಮೂರರಲ್ಲೂ ಡ್ರಮ್ ಇಲ್ಲ, ಒಂದೇ ಗಿಟಾರು, ಒಂದೇ ಮೆತ್ತಗಿನ ದನಿ. ನನ್ನ ಬಾಯಿ ನೋಡುತ್ತ ನಿಂತದ್ದು. ಟಿವಿ. ಎಲ್ಲ ಬರೆದಿಟ್ಟಿದ್ದೇನೆ. ಕೂಡಿಸುವುದನ್ನು ಮಾತ್ರ ಮರೆತಿದ್ದೇನೆ. ಮೇಲಾಗಿ ಗೆದ್ದೆ ಎಂದು ಬರೆದಿದ್ದೇನೆ.

ಮತ್ತೆ ಬಯಲಿಗೆ ಹೋದೆ. ಪಾಳಿಯ ಕೊನೆಯಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಎಡಕ್ಕೆ ಕೂತು, “ಸಾಹೇಬ್ರ” ಎಂದೆ. ಅಲುಗಲಿಲ್ಲ. ಎದ್ದು ಬಲಕ್ಕೆ ಹೋಗಿ ಕೂತೆ. ನನಗೆ ಗೊತ್ತಾಗಿದೆ ಎಂದು ಅರ್ಥವಾಯಿತು ಅವರಿಗೆ.

“ಎಡಗಿವಿ ಹೋಗಿ ಎರಡ ವರ್ಷ ಆತ್ರಿ. ಈಗ ಬಲದ್ದೂ ಹೊಂಟದ. ಮಷೀನ ಹಾಕ್ಕೊಂಡ್ರ ಮಾತು ಸಿಗ್ತಾವಂತ. ಹಾಡು ಸಿಗೂದಿಲ್ಲಂತ.”

“ಮತ್ತ ಮುಂದ ನಿಂತು ಏನ ಮಾಡಾವ್ರಿದ್ರಿ?”

“ಕಬ್ಬಿಣ ಹಿಡದ್ರ ಡ್ರಮ್ಮು ಕೈಗೆ ಬರ್ತದರಿ. ಕೈಯಿಂದ ಎದಿಗೆ. ಮ್ಯಾಲಿಂದು ನಾನೇ ಹಚ್ಚಕೋತೀನಿ, ನಲವತ್ತ ವರ್ಷದ್ದು ತಲ್ಯಾಗದ. ಇದಽ ಕಡೀದು ಅಂತ ಬಂದಿದ್ದೆ.”

ವತ್ಸಲಾಬಾಯಿಯವರಿಗೂ ಹೇಳಿಲ್ಲವಂತೆ. ತಾವು ಬೇಕಂತಲೇ ಕೇಳಿಸಿಕೊಳ್ಳುವುದಿಲ್ಲ ಎಂದು ಆಕೆಗೆ ಅನ್ನಿಸಿದೆ, ಅದು ಹಳೆಯ ಜಗಳ, ರೂಢಿಯಾಗಿದೆ, ಹಾಗೇ ಇರಲಿ ಎಂದರು.

ಗೆರೆ ತೆಗೆಯುತ್ತೇನೆ, ತಪ್ಪು ನನ್ನದು ಎಂದೆ. ಅವರು ಮ್ಯಾನೇಜರಿನ ದನಿ ತೆಗೆದರು.

“ಕಾರಣ ಏನಂತ ಬರೀತೀರಿ ಅಲ್ಲೆ? ಕಿವುಡ ಅದಾನ ಅಂತ? ಎಲ್ಲಾರೂ ಸರದು ಜಾಗಾ ಕೊಡ್ತಾರ, ಗೊತ್ತದ ನನಗ. ನಂಬರಿನ ಮ್ಯಾಲೆ ನಿಲ್ಲಬೇಕಂತ ಬಂದೀನ್ರಿ ಸಕ್ರವ್ವ, ಕನಿಕರದ ಮ್ಯಾಲೆ ಅಲ್ಲ.”

ಕಾರಣ ಬರೆಯದೆ ತೆಗೆದರೆ ಸಾಂಗ್ಲಿಯವನು ಬಿಡುತ್ತಾನೆಯೇ. ಬರೆದರೆ ಇವರು ಬಿಡುವುದಿಲ್ಲ. ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಎದ್ದು ಬಂದೆ.

ಮಧ್ಯಾಹ್ನ ೨.೩೦

ಮೂರನೇ ಹಾಜರಿ. ಗಂಟಲು ಕಟ್ಟಿದೆ ಎಂದು ರಿಜಿಸ್ಟರು ಫೈಜಲನಿಗೆ ಕೊಟ್ಟೆ. ಹಾಳೆ ಬಿಡಿಸಿ, ಒಂದು ಎಂದ.

ನಾನು ಅವನ ಎದುರಿಗೇ ಇದ್ದೆ. ಆಚೆ ಗಾಳಿಗೆ ಸ್ಟೇಜಿನ ಬಟ್ಟೆ ಹಾರುತ್ತಿತ್ತು, ಅದನ್ನು ನೋಡಿದೆ.

ಒಂದು.

“ಅಕ್ಕಾರ, ನಿಮ್ಮನ್ನಽ ಕರ್ಯಾಕತ್ತೀನ್ರಿ” ಎಂದು ಮೆಲ್ಲಗೆ ಹೇಳಿದ. ಬಟ್ಟೆ ನೋಡಿದೆ. ಪಾಳಿಯಲ್ಲಿ ಗುಸುಗುಸು. ಯಾರೋ ಬಿಸಿಲು ತಲೆಗೇರಿದೆ ಎಂದರು. ಮೂರನೇ ಸಲ ಅವನ ದನಿ ಒಡೆಯಿತು. ಕೆಂಪು ಪೆನ್ನು ಅವನ ಕೈಯಲ್ಲಿತ್ತು, ಎಳೆಯಲಿಲ್ಲ. ನಾನೇ ಬೆರಳಿಟ್ಟು ತೋರಿಸಿದೆ. ಎಳೆದ. ಸಾಂಗ್ಲಿಯವನು ಮಾಲಕೀನೇ ಔಟ್ ಎಂದು ಚಪ್ಪಾಳೆ ಹೊಡೆದ, ಎಲ್ಲರೂ ನಕ್ಕರು. ನಗಲಿ. ಕೆಳಗೆ ಹೊಸ ರೂಲು ಬರೆಸಿದೆ: ಇನ್ನು ಮುಂದೆ ನಂಬರು ಕೂಗುವುದರ ಜೊತೆಗೆ ಫಲಕದ ಮೇಲೆ ಬರೆದು ಎತ್ತಿ ಹಿಡಿಯತಕ್ಕದ್ದು. ಕಾರಣ ಕೇಳಿದರೆ, ನನ್ನ ಗಂಟಲು.

೧೪೬ ನಂಬರು ತೆಗೆದುಕೊಂಡು ಸಾಹೇಬರ ಪಕ್ಕ ಹೋಗಿ ನಿಂತೆ. ಬಲಕ್ಕೆ.

“ನಿಮಗೇನಾತ್ರಿ?”

“ಕೇಳಸಲಿಲ್ರಿ” ಎಂದೆ.

ಮುಖ ಆಚೆ ತಿರುಗಿಸಿದರು. ಸಿಟ್ಟೇ. ಎರಡಕ್ಕೆ ನನ್ನ ಬುತ್ತಿಯ ಶೇಂಗಾ ಹೋಳಿಗೆ ಬೇಡ ಎನ್ನಲಿಲ್ಲ.

ಸಂಜೆ ೬.೦೫

ಶುರುವಾಗಿ ಇಪ್ಪತ್ತು ನಿಮಿಷ. ಹಾಡಿನ ಪಟ್ಟಿಯ ನೋಟ್‌ಬುಕ್ ಮನೆಯಲ್ಲೇ ಉಳಿದಿದೆ, ಇದರಲ್ಲೇ ಬರೆಯುತ್ತಿದ್ದೇನೆ. ಫೈಜಲ ಮುಂದೆ, ನಾವಿಬ್ಬರು ಎಲ್ಲರಿಗಿಂತ ಹಿಂದೆ. ಡೆನ್ಜಿಲ್ ಹೆಬ್ಬೆರಳಷ್ಟು ಕಾಣುತ್ತಾನೆ. ಹೆಬ್ಬೆರಳು ಜಿಗಿಯುತ್ತಿದೆ. ಹಾಡು ೪.

ಸಾಹೇಬರು ಕೈಕಟ್ಟಿ ನಿಂತಿದ್ದಾರೆ. ಏನೂ ಮುಟ್ಟುತ್ತಿಲ್ಲ. ಮುಖ ಕಂಡರೆ ಗೊತ್ತಾಗುತ್ತದೆ.

೬.೩೦

ಬರೆಯಲೇಬೇಕು. ನಮ್ಮ ಹಿಂದೆ ನೀರಿನ ಟ್ಯಾಂಕರ್ ನಿಲ್ಲಿಸಿದ್ದಾರೆ. ಧೂಳಿಗೆ ನೀರು ಹೊಡೆದು ಖಾಲಿ ಮಾಡಿದ್ದು. ‘ರೇಲ್ವೆ ಗೇಟ್’ ಶುರುವಾದಾಗ ಕಾಲು ನೋಯುತ್ತದೆಂದು ಅದಕ್ಕೆ ಒರಗಿದೆ — ಬೆನ್ನೊಳಗೆ ಡ್ರಮ್ಮು! ಇಡೀ ಟ್ಯಾಂಕರ್ ಬಡಿದುಕೊಳ್ಳುತ್ತಿದೆ. ಸಾಹೇಬರ ಕೈ ಹಿಡಿದೆಳೆದು ತಗಡಿನ ಮೇಲೆ ಇಟ್ಟೆ. ಎರಡೂ ಅಂಗೈ ಇಟ್ಟರು. ಆಮೇಲೆ ಹಣೆ ಇಟ್ಟರು. ಇಪ್ಪತ್ತೆರಡು ನಿಮಿಷ ಹಾಗೇ. ನಡುವೆ ಒಮ್ಮೆ ತಲೆಯೆತ್ತಿ, ಡ್ರಮ್ಮಿನವನು ಎರಡನೇ ಸುತ್ತಿನಲ್ಲಿ ಅವಸರ ಮಾಡಿದ ಎಂದರು. ನಿಜ, ಮಾಡಿದ್ದ. ಟ್ಯಾಂಕರಿನ ಡ್ರೈವರ್ ಬಂದು, ಅಜ್ಜಾರಿಗೆ ಏನಾಯಿತು, ತಲೆ ಸುತ್ತುತ್ತದೆಯೇ ಎಂದು ಕೇಳಿದ. ಇಲ್ಲ, ಹಾಡು ಕೇಳುತ್ತಿದ್ದಾರೆ ಎಂದೆ. ಅವನೂ ತಗಡಿಗೆ ಕಿವಿ ಹಚ್ಚಿದ. ದಿನಾ ಓಡಿಸುವ ಗಾಡಿ, ಇಂಥದ್ದು ಗೊತ್ತಿರಲಿಲ್ಲ ಎಂದ.

೭.೪೨

ಹಾಡು ೧೮. ಒಂದನ್ನು ಬಿಟ್ಟು ಲೈಟೆಲ್ಲ ಆರಿಸಿದ್ದಾರೆ. ಮುದುಕ ಒಬ್ಬನೇ, ಒಂದೇ ಗಿಟಾರು. ‘ಖಾಲಿ ಬಸ್ಸು’. ಬಯಲೆಲ್ಲ ಉಸಿರು ಹಿಡಿದಿದೆ. ಟ್ಯಾಂಕರೂ ಸುಮ್ಮನಾಯಿತು.

ಸಾಹೇಬರು ಅಂಗೈ ಒತ್ತಿದರು. ಸ್ವಲ್ಪ ಮೇಲೆ ಇಟ್ಟರು, ಸ್ವಲ್ಪ ಕೆಳಗೆ. ಮೇಲಿನ ಬರಹವನ್ನು ಕೈಯಿಂದ ಮುಚ್ಚಿ, ಹಾಡಿನ ಹೆಸರು ಕಾಣುವಂತೆ ಪುಸ್ತಕ ಅವರತ್ತ ಸರಿಸಿದೆ. ನೋಡಲಿಲ್ಲ, ಮುಖ ತಿರುಗಿಸಿದರು. ಒಬ್ಬರ ಪಟ್ಟಿ ಒಬ್ಬರು ನೋಡುವಂತಿಲ್ಲ.

ಈಗ ನನ್ನ ಕಡೆ ತಿರುಗಿದ್ದಾರೆ.

“ಸಕ್ರವ್ವ, ಏನ ಹಾಡ್ಲಿಕ್ಕತ್ತಾನ?”

ಕೇಳಿದರು. ತಾವಾಗಿ ಕೇಳಿದರು. ಬಲಗಿವಿ ನನ್ನತ್ತ ಬಗ್ಗಿಸಿ ಕಾಯುತ್ತಿದ್ದಾರೆ. ಹೆಸರು ಹೇಳಿದರೆ ಮುಗಿಯುತ್ತದೆ, ಆದರೆ ಅವರು ಕೇಳಿದ್ದು ಹೆಸರಲ್ಲ, ಹಾಡು. ಜನ್ಮದಲ್ಲಿ ಹಾಡಿದವಳಲ್ಲ ನಾನು. ಮೊದಲ ಚರಣ ಆಗಲೇ ಹೋಯಿತು, ಎರಡನೆಯದಕ್ಕೆ ಸೇರಿಕೊಳ್ಳಬೇಕು. ಅವರ ಕಿವಿಗೆ ಎರಡೂ ಕೈ ಮರೆ ಮಾಡದೆ ಮುಟ್ಟುವುದಿಲ್ಲ, ಈ ಪೆನ್ನು ಎಲ್ಲಿ ಇಡಲಿ —