ಬಿದ್ದವನು ಊಟ ತರಬೇಕು

ನವೆಂಬರ್ ೧೪, ಗುರುವಾರ

ಇಡೀ ದಿನ ಲಾರಿ ಟೈರ್. ಸೊಂಟ ಹಿಡಿದುಕೊಂಡಿದೆ. ಒಂದು ನಟ್ ಬಿಚ್ಚಲು ಬರಲಿಲ್ಲ. ಸುತ್ತಿಗೆ ಎಸೆದೆ. ಅಂಗಡಿಯ ಗಾಜು ಹೋಯಿತು. ಹೆಂಡತಿ ಈ ಡೈರಿ ತಂದು ಮುಂದೆ ಕುಕ್ಕಿದಳು. ಕೋಪ ಬಂದಾಗ ಬರೆದರೆ ಇಳಿಯುತ್ತದೆ ಎಂದು ಟೀವಿಯಲ್ಲಿ ಯಾವನೋ ಡಾಕ್ಟರ್ ಹೇಳಿದ್ದನಂತೆ. ಸರಿ ತಾಯಿ, ಬರೆಯುತ್ತಲೇ ಇದ್ದೇನೆ. ಗಾಜು ಒಡೆಯುವುದು ಮಾತ್ರ ನಿಂತಿಲ್ಲ.

ಆದರೆ ಇವತ್ತಿನ ಕೋಪ ನಟ್‌ನದಲ್ಲ. ಅದಕ್ಕೆ ಮೊದಲು ತಂಗಿ ಬಂದಿದ್ದಳು. ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಸೀದಾ ಬಂದಿದ್ದಳು. ಬಾಯಿಗೆ ಕರ್ಚೀಫ್ ಅಡ್ಡ.

"ಏನಾಯ್ತೇ?"

"ಏನಿಲ್ಲ ಅಣ್ಣ. ಹಲ್ಲು."

ಕರ್ಚೀಫ್ ಕಿತ್ತೆ. ಮುಂದಿನ ಹಲ್ಲು ಅರ್ಧ ಇಲ್ಲ. ತುಟಿ ಊದಿಕೊಂಡಿದೆ. ಕತ್ತಿನ ಮೇಲೆ ಬೆರಳಿನ ಗುರುತು, ನೀಲಿ. ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಅವಳ ಗಂಡ. ನನ್ನ ಜೊತೆ ಒಂದೇ ಬಾಕ್ಸಿಂಗ್ ಹಾಲ್‌ನಲ್ಲಿ ಬೆವರು ಸುರಿಸಿದ ಗೆಳೆಯ. ಮದುವೆಯಾದ ಮೇಲೆ ನಮ್ಮ ಗುಂಪಿಗೆಲ್ಲ ಅವನು "ಭಾವ".

"ಕೂಗಾಡಬೇಡ. ಮೊದಲು ಕೇಳು," ಎಂದಳು. "ನಾನು ಬಿಟ್ಟು ಹೋಗ್ತಿದೀನಿ. ರೂಮ್ ಸಿಕ್ಕಿದೆ. ಭಾನುವಾರ ಮಧ್ಯಾಹ್ನ ಕೀ ಕೊಡ್ತಾರೆ. ವರ್ಷವರ್ಷದ ಹಾಗೆ ನೀವು ನಾಲ್ವರು ಹೇಗೂ ನಾಳೆ ಕಾಡಿಗೆ ಹೋಗ್ತೀರಲ್ಲ, ಅವನನ್ನ ಭಾನುವಾರ ಸಂಜೆ ತನಕ ಅಲ್ಲೇ ಇಟ್ಕೋ. ಅಷ್ಟು ಮಾಡು ಸಾಕು."

"ನಮ್ಮನೆಗೆ ಬಾ."

"ನಿಮ್ಮನೆ ಬಾಗಿಲನ್ನೇ ಮೊದಲು ಒದೀತಾನೆ."

"ಸಾಯಿಸಿಬಿಡ್ತೀನಿ ಅವನನ್ನ."

"ಅದೇ ಬೇಡ ಅಂತಿರೋದು! ತಿನ್ನಿಸು, ಕುಡಿಸು, ನಗಿಸು. ನಂಗೆ ನಿನ್ನ ಕೈ ಬೇಡ ಅಣ್ಣ, ಎರಡು ದಿನ ಬೇಕು."

ಮಾತು ಕೊಟ್ಟೆ. ಅವಳು ಹೋದ ಮೇಲೆ ಸುತ್ತಿಗೆ ಎಸೆದದ್ದು.

ನವೆಂಬರ್ ೧೫, ಶುಕ್ರವಾರ, ಸಂಜೆ

ತಲುಪಿದೆವು. ದಪ್ಪನ ಬ್ರೆಡ್ ವ್ಯಾನ್‌ನಲ್ಲಿ ನಾಲ್ವರೂ. ದಪ್ಪ ಎಂದರೆ ಬೇಕರಿಯವನು, ಹೆಸರಿಗೆ ತಕ್ಕ ಹಾಗೆ. ಕಾಂಪೌಂಡರ್, ಔಷಧಿ ಅಂಗಡಿಯವನು, ಪಟ್ಟಿ, ಹತ್ತಿ, ಅಯೋಡಿನ್ ಎಲ್ಲ ತಂದಿದ್ದಾನೆ. ಹೊರಡುವ ಮುಂಚೆ ವ್ಯಾನ್‌ನ ಟೈರ್ ನಾನೇ ನೋಡಿದೆ, ನಟ್ ಬಿಚ್ಚಲು ಒಂದು ಉದ್ದನೆಯ ಕಬ್ಬಿಣದ ವೀಲ್ ಸ್ಪ್ಯಾನರ್ ಹಿಂದೆ ಹಾಕಿದೆ. ಮಗು, ತಂಗಿಯ ಮಗಳು, ನಮ್ಮ ಮನೆಯಲ್ಲಿ ಹೆಂಡತಿಯ ಹತ್ತಿರ ಇದೆ.

ಕಾಡು ಶುರುವಾಗುವಲ್ಲಿ ಆ ಪುಟ್ಟ ಪೇಟೆ. ಒಂದೇ ರಸ್ತೆ, ಅದರ ಕೊನೆಗೆ ಅಮ್ಮನ ಹೋಟೆಲ್, ಊರಿಗೆಲ್ಲ ಅಮ್ಮ ಅವಳು. ಮೇಜುಗಳು ಅವೇ, ಮಸಿ ಹಿಡಿದ ಗೋಡೆಯೂ ಅದೇ. "ಬಂದ್ರಾ ನನ್ನ ಗೂಳಿಗಳು! ಈ ಸಲ ಯಾರ ಮೂಗು ಮುರಿಯೋದು?" ಎಂದು ಅಮ್ಮ ಒಳಗಿನಿಂದಲೇ ಕೂಗಿದಳು. ಸೌದೆ ಒಲೆಯ ಮೇಲೆ ಬೆಂದ ಮಾಂಸದ ಸಾರು, ಹೊಳೆಯ ಮೀನು ಹುರಿದದ್ದು. ಖಾರಕ್ಕೆ ಕಿವಿಯಲ್ಲಿ ಹೊಗೆ. ಇಡೀ ವರ್ಷ ಈ ಊಟ ನೆನೆಸಿಕೊಂಡೇ ಟೈರ್ ಎಬ್ಬುತ್ತೇನೆ ನಾನು. ಇವತ್ತು ಗಂಟಲಲ್ಲಿ ಇಳಿಯಲಿಲ್ಲ. ಎದುರಿಗೆ ಭಾವ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ನನ್ನ ತಟ್ಟೆಗೆ ಹಾಕುತ್ತಿದ್ದ.

"ತಿನ್ನೋ, ಸೊರಗಿದೀಯ."

ತಿಂದೆ. ನಕ್ಕೆ. ಕೊಟ್ಟ ಮಾತು ಉಳಿಸಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ನವೆಂಬರ್ ೧೬, ಶನಿವಾರ, ಬೆಳಿಗ್ಗೆ

ಕಾಡಿನೊಳಗೆ ನಾವು ಪ್ರತಿ ವರ್ಷ ಇಳಿದುಕೊಳ್ಳುವ ಮರದ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿ ಫೋನ್ ಸಿಗ್ನಲ್ ಇಲ್ಲ, ಒಳ್ಳೆಯದೇ ಆಯಿತು. ಭಾವ ಸೌದೆ ಒಡೆಯುತ್ತಿದ್ದಾನೆ. ಅಂಗಿ ಬಿಚ್ಚಿದ್ದಾನೆ. ತೋಳು ಇನ್ನೂ ಹಾಗೇ ಇದೆ ನನ್ಮಗನದು.

ಮಧ್ಯಾಹ್ನ ನಮ್ಮ ಕಟ್ಟಳೆ. ಹಾಲ್ ಮುಚ್ಚಿದ ವರ್ಷದಿಂದ ನಡೆದು ಬಂದಿದೆ. ಯಾರಿಗೆ ಯಾರ ಮೇಲೆ ಸಿಟ್ಟಿದೆಯೋ ಇಲ್ಲೇ ಗ್ಲೌಸ್ ಹಾಕಿ ತೀರಿಸಿಕೊಳ್ಳಬೇಕು. ಯಾಕೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಿಯೇ ಹೊಡೆಯಬೇಕು. ಬಿದ್ದವನು ವ್ಯಾನ್ ತೆಗೆದುಕೊಂಡು ಪೇಟೆಗೆ ಹೋಗಿ ಎಲ್ಲರಿಗೂ ಊಟ ತರಬೇಕು. ಆಮೇಲೆ ಆ ಮಾತು ಎತ್ತುವಂತಿಲ್ಲ. ಹೋದ ವರ್ಷ ಕಾಂಪೌಂಡರ್‌ನ ಹುಬ್ಬನ್ನು ದಪ್ಪ ಒಡೆದ, ಬೇಕರಿಯ ಕೇಕನ್ನು ಇಟ್ಟಿಗೆ ಅಂದದ್ದಕ್ಕೆ. ಅಮ್ಮ ಬಿದ್ದವನ ಪಾಲಿಗೆ ಯಾವಾಗಲೂ ಒಂದು ತುಂಡು ಜಾಸ್ತಿ ಹಾಕುತ್ತಾಳೆ.

ಇವತ್ತು ನಾನು ಕೈ ಎತ್ತುವುದಿಲ್ಲ. ಬರೆದಿಟ್ಟಿದ್ದೇನೆ. ಎತ್ತುವುದಿಲ್ಲ.

ಅದೇ ದಿನ, ಸಂಜೆ ನಾಲ್ಕು

ಎತ್ತಿದೆ!

ಬಲಗೈ ಊದಿದೆ, ಪೆನ್ನು ಹಿಡಿಯಲು ಆಗುತ್ತಿಲ್ಲ. ಆದರೂ ಬರೆಯಬೇಕು. ಎಷ್ಟು ಹಗುರ ಅನ್ನಿಸುತ್ತಿದೆ...

ಚಹಾ ಕುಡಿಯುವಾಗ ಅವನಾಗಿಯೇ ಶುರು ಮಾಡಿದ. "ನಮ್ಮನೆಯವಳು ಬಾತ್‌ರೂಮಲ್ಲಿ ಜಾರಿ ಹಲ್ಲು ಮುರ್ಕೊಂಡಿದಾಳೆ ಕಣ್ರೋ. ಈಗ ಬೈಯೋಕೆ ಬಾಯಿ ತೆಗೆದರೆ ಶಿಳ್ಳೆ ಬರುತ್ತೆ." ಬಾಯಿ ಓರೆ ಮಾಡಿ ತೋರಿಸಿದ. ಅವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಪಾಪ, ಗೊತ್ತಿಲ್ಲ ಅವರಿಗೆ. ನಾನೂ ನಕ್ಕೆ. ನನ್ನ ಬಾಯಿಂದ ಆ ನಗು ಹೊರಗೆ ಬಂತಲ್ಲ, ಅದನ್ನು ಕೇಳಿಸಿಕೊಂಡೆ ನೋಡು, ಅಲ್ಲಿಗೆ ಮುಗಿಯಿತು.

ದಪ್ಪ ನೆಲದ ಮೇಲೆ ಕಾಲಲ್ಲಿ ಗೆರೆ ಎಳೆದು, "ಯಾರಿಗಿದೆ ತಕರಾರು?" ಎಂದ.

"ನಂಗೆ. ಭಾವನ ಮೇಲೆ."

"ಏನು ಅಂತ ಹೇಳಿ ಹೊಡಿ."

"ಹಲ್ಲು. ಬಾತ್‌ರೂಮ್ ಅಲ್ಲ, ಇವನ ಕೈ. ಅವಳೇ ಬಂದು ತೋರಿಸಿದಳು."

ನಗು ನಿಂತಿತು. ಭಾವನ ಮುಖದಲ್ಲಿ ಮಾತ್ರ ಹಾಗೇ ಇತ್ತು. "ಓಹೋ. ದೂರು ಹೋಯ್ತಾ ಅಣ್ಣನಿಗೆ? ಅದಕ್ಕೇನಾ ಮಗೂನ ನಿಮ್ಮನೆಗೆ ಕಳಿಸಿದ್ದು?"

ಹೊಡೆದೆ.

ಅವನೇನು ಬಿಟ್ಟಿಯಾಗಿ ಏಟು ತಿನ್ನಲಿಲ್ಲ. ಮೊದಲ ಏಟಿಗೇ ನನ್ನ ಕಿವಿ ಗುಂಯ್ ಎಂದಿತು. ಎರಡನೆಯದು ಪಕ್ಕೆಗೆ, ಇನ್ನೂ ಉಸಿರೆಳೆದರೆ ಚುಚ್ಚುತ್ತಿದೆ. ಆಮೇಲೆ ಒಳಗೆ ನುಗ್ಗಿದೆ. ಹೊಟ್ಟೆಗೆ, ಹೊಟ್ಟೆಗೆ, ಬಗ್ಗಿದ ಕೂಡಲೇ ಬಾಯಿಗೆ. ಅವನ ಹಲ್ಲು ಗ್ಲೌಸಿಗೆ ಸಿಕ್ಕಿದ್ದು ತಿಳಿಯಿತು. ಅದೇ ಜಾಗಕ್ಕೆ ಮತ್ತೆ. ಮೂಗಿನಿಂದ ರಕ್ತ, ನನ್ನ ಕಣ್ಣಿಗೂ ಹಾರಿತು. ಬಿದ್ದ. ಬಿದ್ದ ಮೇಲೂ ಮೇಲೆ ಕೂತು ಹೊಡೆದೆ, ಅದು ಕಟ್ಟಳೆಯಲ್ಲಿ ಇಲ್ಲ. ದಪ್ಪ ನನ್ನ ಕುತ್ತಿಗೆಪಟ್ಟಿ ಹಿಡಿದು ಎಳೆದು ಬಿಸಾಕಿದ. "ಸಾಕು ಬಿಡೋ, ಹೆಣ ಬೀಳುತ್ತೆ!"

ಎಷ್ಟೋ ಹೊತ್ತಾದ ಮೇಲೆ ಭಾವ ಎದ್ದ. ಮುಖ ತೊಳೆದ. ಕಾಂಪೌಂಡರ್ ಹತ್ತಿ ಇಟ್ಟ. ದಪ್ಪ ಅಭ್ಯಾಸಬಲದಿಂದ ಕೀ ಎಸೆದ. ಭಾವ ಹಿಡಿದುಕೊಂಡ, ನನ್ನ ಬೆನ್ನು ತಟ್ಟಿದ.

"ಬಿದ್ದವನು ಊಟ ತರಬೇಕು. ಸರಿ ತಾನೆ?"

ಸರಿ ಎಂದೆ. ಹೊಟ್ಟೆ ಚುರುಗುಟ್ಟುತ್ತಿದೆ. ನಿನ್ನೆ ಇಳಿಯದ ಊಟ ಇವತ್ತು ಬಾರಿಸುತ್ತೇನೆ.

ಅದೇ ದಿನ, ಐದೂವರೆ

ಊಟ ಬಂದಿಲ್ಲ. ಪೇಟೆ ಇಲ್ಲೇ ಕೆಳಗೆ. ವ್ಯಾನ್‌ನ ಸದ್ದೂ ಇಲ್ಲ.

ದಪ್ಪ ಹೇಳಿದ, "ಮೂಗಿಗೆ ಹೊಲಿಗೆ ಹಾಕಿಸ್ಕೊಳ್ಳೋಕೆ ಹೋಗಿರಬೇಕು ಬಿಡೋ." ಕಾಂಪೌಂಡರ್ ನನ್ನ ಮುಖವನ್ನೇ ನೋಡುತ್ತಿದ್ದ. "ಮಗು ಯಾಕೆ ನಿಮ್ಮನೇಲಿದೆ? ಅವನು ಕೇಳಿದನಲ್ಲ?" ಎಂದ.

ಹೇಳಿದೆ. ಎಲ್ಲ ಹೇಳಿದೆ. ಇಬ್ಬರೂ ಎದ್ದು ನಿಂತರು.

ಅಯ್ಯೋ ದೇವರೇ, ಕೀ ಕೊಟ್ಟು ಕಳಿಸಿದೆವು.

ನವೆಂಬರ್ ೧೭, ಭಾನುವಾರ, ಬೆಳಿಗ್ಗೆ

ಆಸ್ಪತ್ರೆಯ ಕಾರಿಡಾರ್. ಫಿನಾಯಿಲ್ ವಾಸನೆ. ಹೆಂಡತಿ ಡೈರಿಯನ್ನು ನನ್ನ ಬ್ಯಾಗಿನಿಂದ ತೆಗೆದು ಕೊಟ್ಟಳು, ಗೋಡೆಗೆ ತಲೆ ಚಚ್ಚಿಕೊಳ್ಳಬೇಡಿ, ಬರೀರಿ ಎಂದಳು.

ನಿನ್ನೆ ಸಂಜೆ ಪೇಟೆಯ ತನಕ ಓಡಿದೆವು. ಅಮ್ಮ ಹೋಟೆಲ್ ಬಾಗಿಲಲ್ಲೇ ನಿಂತಿದ್ದಳು. "ಬಿದ್ದವನಿಗೆ ಅಂತ ತುಂಡು ಜಾಸ್ತಿ ಹಾಕಿ ಕಟ್ಟಿಟ್ಟಿದೀನಪ್ಪಾ. ವ್ಯಾನು ಮುಂದೇನೇ ಹೋಯ್ತು. ನಿಲ್ಲಿಸಲೇ ಇಲ್ಲ." ಅಲ್ಲಿ ಸಿಗ್ನಲ್ ಇತ್ತು. ತಂಗಿಗೆ ರಿಂಗ್ ಆಗುತ್ತಲೇ ಇತ್ತು. ಎತ್ತಲಿಲ್ಲ. ಮರ ಸಾಗಿಸುವ ಲಾರಿ ಹತ್ತಿ ಬಂದೆವು.

ನಾವು ತಂಗಿಯ ಮನೆ ತಲುಪುವಷ್ಟರಲ್ಲಿ ಪಕ್ಕದ ಮನೆಯವರು ಬಾಗಿಲು ಒಡೆದು ಅವಳನ್ನು ಆಂಬುಲೆನ್ಸ್‌ನಲ್ಲಿ ಕಳಿಸಿದ್ದರು. ಅವನು ಹಿಂಬಾಗಿಲಿನಿಂದ ಪರಾರಿ. ಹಜಾರದ ತುಂಬ ಬಟ್ಟೆ. ಸೂಟ್‌ಕೇಸ್ ಅರ್ಧ ತುಂಬಿತ್ತು. ಅದರ ಪಕ್ಕ ವೀಲ್ ಸ್ಪ್ಯಾನರ್ ಬಿದ್ದಿತ್ತು. ನನ್ನ ಅಂಗಡಿಯದು. ನಾನೇ ವ್ಯಾನ್‌ಗೆ ಹಾಕಿದ್ದು.

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದರು. ಎರಡೂ ಮುಂಗೈ ಮುರಿದಿವೆ. ಪಕ್ಕೆಲುಬು ಎರಡು. "ತಲೆ ಉಳಿದಿದ್ದೇ ದೊಡ್ಡದು. ಕೊನೆ ತನಕ ಕೈ ಅಡ್ಡ ಹಿಡಿದಿದಾರೆ, ಇಳಿಸೇ ಇಲ್ಲ," ಎಂದರು.

ಕೈ ಇಳಿಸಬೇಡ ಕಣೇ, ಏನೇ ಆದರೂ ಇಳಿಸಬೇಡ ಎಂದು ಹಿತ್ತಲಲ್ಲಿ ಹೇಳಿಕೊಟ್ಟವನು ನಾನು. ಆಗ ಅವಳು ನನ್ನ ಸೊಂಟದಷ್ಟು ಎತ್ತರ ಇದ್ದಳು. ದಿಂಬಿನಲ್ಲಿ ಹೊಡೆಯುತ್ತಿದ್ದೆ. ಇಳಿಸದೆ ನಿಂತು ನಗುತ್ತಿದ್ದಳು.

ನವೆಂಬರ್ ೨೦, ಬುಧವಾರ

ಎರಡು ದಿನ ಏನೂ ಬರೆದಿಲ್ಲ. ಅವನು ಸಿಕ್ಕಿಲ್ಲ. ವ್ಯಾನ್ ಹೆದ್ದಾರಿಯ ಪಕ್ಕ ಸಿಕ್ಕಿತು. ಇನ್ಸ್‌ಪೆಕ್ಟರ್ ತಮ್ಮ ನಂಬರ್ ಕೊಟ್ಟು, ಸುಳಿವು ಸಿಕ್ಕಿದರೆ ನಮಗೆ ಹೇಳಿ, ನೀವೇ ಹೀರೋ ಆಗಬೇಡಿ ಎಂದರು. ನನ್ನ ಕೈ ನೋಡಿ ಹೇಳಿದರು.

ತಂಗಿ ಇವತ್ತು ಕಣ್ಣು ಪೂರ್ತಿ ತೆರೆದಳು. ಎರಡೂ ಕೈ ಪ್ಲಾಸ್ಟರ್‌ನಲ್ಲಿ. ಗಂಜಿ ಕುಡಿಸಲು ಪಕ್ಕದಲ್ಲಿ ಕೂತೆ. ಚಮಚ ತುಟಿಯ ಹತ್ತಿರ ಒಯ್ದೆ. ಅವಳು ಚಮಚ ನೋಡಲಿಲ್ಲ. ನನ್ನ ಗೆಣ್ಣು ನೋಡಿದಳು. ಹಳೆಯ ಗ್ಲೌಸ್ ಉಜ್ಜಿ ಸಿಪ್ಪೆ ಎದ್ದಿದೆ, ಇನ್ನೂ ಊದಿದೆ.

"ಭಾನುವಾರ ಸಂಜೆ ತನಕ ಅಂದಿದ್ದೆ ಅಣ್ಣ."

ತಲೆ ತಗ್ಗಿಸಿದೆ. ಚಮಚ ಮತ್ತೆ ಮುಂದೆ ಹಿಡಿದೆ.

"ಈ ಕೈಯಿಂದ ಬೇಡ. ಅತ್ತಿಗೆ ಬರಲಿ," ಎಂದಳು.

ಎದ್ದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತು ಅತ್ತೆ, ಜನ ನೋಡಿದರೂ ಅತ್ತೆ.

ನವೆಂಬರ್ ೨೨, ಶುಕ್ರವಾರ, ಬೆಳಿಗ್ಗೆ

ದಪ್ಪನ ಫೋನ್. ಸಿಕ್ಕಿದನಂತೆ! ಮರದ ಮನೆಯಲ್ಲೇ ಅಡಗಿದ್ದ. ದಿನಾ ರೊಟ್ಟಿಗೆ ಬರುತ್ತಾನೆ ಎಂದು ಹೋಟೆಲ್ ಅಮ್ಮನೇ ಸುದ್ದಿ ಕೊಟ್ಟಳಂತೆ. ಕಾಂಪೌಂಡರ್ ಅಲ್ಲೇ ಕಾವಲಿದ್ದಾನೆ, ಹೊರಗಿನಿಂದ ಚಿಲಕ ಹಾಕಿ. "ಪೊಲೀಸ್‌ಗೆ ಹೇಳಿಲ್ಲ ಕಣೋ. ನಿಂಗೇ ಇಟ್ಟಿದೀವಿ. ಗ್ಲೌಸ್ ಬೇಡ, ಬರಿಗೈಲಿ ಬಾ. ಕರ್ಕೊಂಡು ಹೋಗೋಕೆ ಬರ್ತಿದೀನಿ."

ಕೈಗೆ ಪಟ್ಟಿ ಸುತ್ತಿಕೊಂಡೆ. ಸುತ್ತಿಕೊಂಡದ್ದು ಸುತ್ತಿದ ಮೇಲೆಯೇ ಗೊತ್ತಾಯಿತು.

ಬಾಗಿಲಲ್ಲಿ ಹೆಂಡತಿ. ಒಂದು ಕೈಯಲ್ಲಿ ತಂಗಿಯ ಊಟದ ಡಬ್ಬಿ, ಇನ್ನೊಂದರಲ್ಲಿ ಮಗು. "ಎಲ್ಲಿಗೆ?" ಅವಳು ಕೇಳಿದ್ದು ಅಷ್ಟೇ. ಮಗು ನನ್ನ ಕೈ ನೋಡಿ ಅವಳ ಕುತ್ತಿಗೆಗೆ ಮುಖ ಒತ್ತಿತು.

ಪಟ್ಟಿ ಬಿಚ್ಚಿದೆ. ಕೂತಿದ್ದೇನೆ. ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಫೋನ್ ಮೇಜಿನ ಮೇಲೆ ಸ್ಪೀಕರ್‌ನಲ್ಲಿದೆ, ರಿಂಗ್ ಆಗುತ್ತಿದೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಹೊರಗೆ ವ್ಯಾನ್. ಹಾರ್ನ್ ಹೊಡೆಯುತ್ತಿದ್ದಾನೆ.

ಕಿವಿಯಲ್ಲಿ ಭಾವನ ಮಾತೇ. ಶಿಳ್ಳೆ ಬರುತ್ತೆ ಅಂದಿದ್ದ. ಬಾಯಿ ಓರೆ ಮಾಡಿ ತೋರಿಸಿದ್ದ.

ಹಾರ್ನ್ ನಿಂತಿತು. ಮೆಟ್ಟಿಲ ಮೇಲೆ ದಪ್ಪನ ಹೆಜ್ಜೆ. ರಿಂಗ್ ಇನ್ನೂ ಆಗುತ್ತಲೇ ಇದೆ. ಎತ್ತಪ್ಪಾ, ಕೈ ಮುಗೀತೀನಿ, ಇವನು ಒಳಗೆ ಬರೋದರೊಳಗೆ ಒಂದು ಸಲ ಎತ್ತು, ಇಲ್ಲದಿದ್ದರೆ ನಾನು—