ಪಟ್ಟಿಯ ಅರವತ್ತೆರಡನೇ ಸಾಲಿನಲ್ಲಿರುವುದು ಬಂದೂಕು

ಮಾನ್ಯ ಸಮಾಪನಾಧಿಕಾರಿಗಳೇ,

ನಿಮ್ಮ ಬಂದೂಕೊಂದು ನಮ್ಮ ಮನೆಯಲ್ಲಿದೆ. ದಯವಿಟ್ಟು ಬಂದು ತೆಗೆದುಕೊಂಡು ಹೋಗಿ. ಇದೇ ಮಾತನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದೆ, ಎರಡು ಸಲ ಖುದ್ದಾಗಿ ಬಂದು ಹೇಳಿದೆ. ‘ನಮ್ಮ ಪಟ್ಟಿಯಲ್ಲಿ ಬಂದೂಕು ಇಲ್ಲ’ ಎಂಬ ಒಂದೇ ಉತ್ತರ ಸಿಕ್ಕಿತು. ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೂ ಇರುವುದಿಲ್ಲ ಎಂದು ನಿಮ್ಮ ಕಚೇರಿ ನಂಬುತ್ತದೆ. ಆದ್ದರಿಂದ ಈ ಸಲ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿದರೆ ಅದು ಇದೆ ಎಂದಾದರೂ ಆದೀತು. ಏಳನೇ ತರಗತಿಯನ್ನು ಎರಡು ಸಲ ಶುರು ಮಾಡಿ ಒಂದು ಸಲವೂ ಮುಗಿಸದವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಪತ್ರಿಕೆಯವರು ತಿದ್ದಿಕೊಳ್ಳಲಿ, ವಿಷಯ ಮಾತ್ರ ತಿದ್ದುವುದು ಬೇಡ.

ನಿಮ್ಮ ಹುದ್ದೆಯ ಹೆಸರನ್ನು ನಾನು ಮೊದಲು ಓದಿದ್ದು ನಮ್ಮ ಫುಟ್‌ಬಾಲ್ ಕ್ಲಬ್ಬಿನ ಗೇಟಿಗೆ ಅಂಟಿಸಿದ್ದ ಕಾಗದದಲ್ಲಿ. ಕ್ಲಬ್ಬು ದಿವಾಳಿಯಾಗಿದೆ, ಇನ್ನು ಮುಂದೆ ಎಲ್ಲ ಅಧಿಕಾರ ಸಮಾಪನಾಧಿಕಾರಿಗಳದ್ದು ಎಂದಿತ್ತು. ಪಕ್ಕದಲ್ಲಿ ನಿಂತಿದ್ದ ಬಸ್ ಕಂಡಕ್ಟರರನ್ನು, ‘ಹಾಗಂದ್ರೆ ಯಾರು ಸಾರ್?’ ಅಂತ ಕೇಳಿದೆ. ‘ಮುಗಿಸೋರು’ ಅಂದರು. ಅವರು ಮೂವತ್ತು ವರ್ಷ ನನ್ನ ಪಕ್ಕದಲ್ಲೇ ನಿಂತು ಆಟ ನೋಡಿದವರು. ರೆಫರಿಗೆ ಅವರು ಬೈದಷ್ಟು ಬೈಗಳು ಯಾವ ಪುಸ್ತಕದಲ್ಲೂ ಇಲ್ಲ. ಆ ದಿನ ಆ ಒಂದು ಮಾತು ಹೇಳಿ ಸುಮ್ಮನೆ ಹೊರಟುಹೋದರು.

ನಮ್ಮ ಕ್ಲಬ್ಬು ಒಂದು ಕಂಪನಿ ಎನ್ನುವುದೇ ನಮಗೆ ಗೊತ್ತಿರಲಿಲ್ಲ, ಮಾನ್ಯರೇ. ಅದಕ್ಕೆ ಮಾಲೀಕರಿದ್ದಾರೆ, ಅವರು ಅದನ್ನು ಒತ್ತೆ ಇಡಬಹುದು, ಕಟ್ಟಿದವರು ಒಬ್ಬರಾದರೆ ಮುಳುಗಿಸುವವರು ಇನ್ನೊಬ್ಬರಾಗಬಹುದು ಎನ್ನುವುದೆಲ್ಲ ಗೇಟಿಗೆ ಬೀಗ ಬಿದ್ದ ಮೇಲೆ ಕಲಿತ ಪಾಠ. ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಅದು ನಮಗೆ ಅಭ್ಯಾಸವಾಗಿತ್ತು. ಆದರೆ ಸೋಲುವುದಕ್ಕೂ ಒಂದು ಶನಿವಾರ ಬೇಕಲ್ಲ? ಈಗಲೂ ಶನಿವಾರ ಮೂರು ಗಂಟೆಗೆ ಕಾಲು ತಾನಾಗಿ ಅತ್ತ ಹೋಗುತ್ತದೆ. ಮೊನ್ನೆ ಹೋದಾಗ ಬೀಗ ಹಾಕಿದ ಗೇಟಿನ ಮುಂದೆ ಹತ್ತು ಹನ್ನೆರಡು ಗಂಡಸರು, ಎಲ್ಲರ ಕೈಯಲ್ಲೂ ಒಂದೊಂದು ಚೀಲ. ‘ಏನು, ಈ ಕಡೆ?’ ಅಂತ ಕಂಡಕ್ಟರರು ಕೇಳಿದರು. ‘ಬ್ರೆಡ್ ತರೋಣ ಅಂತ.’ ‘ಬೇಕರಿ ಆ ಕಡೆ ಅಲ್ವೇನಪ್ಪಾ?’ ‘ನೀವೆಲ್ಲಿಗೆ ಹೊರಟ್ರಿ?’ ‘ನಾನೂ ಬ್ರೆಡ್ಡಿಗೇ.’ ಯಾರೂ ನಗಲಿಲ್ಲ. ಐದು ಗಂಟೆ ಹೊತ್ತಿಗೆ, ಆಟ ಮುಗಿದವರ ಹಾಗೆ, ಒಬ್ಬೊಬ್ಬರೇ ಚದುರಿದೆವು. ಸತ್ತವರ ಮನೆಯ ಬಾಗಿಲಲ್ಲಿ ನಿಂತು ಬಂದ ಹಾಗಿತ್ತು. ಒಳಗೆ ಹೆಣ ಮಾತ್ರ ಇರಲಿಲ್ಲ.

ಇನ್ನು ಬಂದೂಕಿನ ಮಾತು.

ನನ್ನ ಹೆಂಡತಿಯ ತಮ್ಮ, ಅಂದರೆ ನನ್ನ ಭಾವಮೈದ, ನಿಮ್ಮ ಆ ಮೈದಾನವನ್ನು ಇಪ್ಪತ್ತಮೂರು ವರ್ಷ ನೋಡಿಕೊಂಡವನು. ಆಟಗಾರರಿಂದ ಹಿಡಿದು ಟಿಕೆಟ್ ಹರಿಯುವವರ ತನಕ ಎಲ್ಲರೂ ಅವನನ್ನು ಹುಲ್ಲಪ್ಪ ಅಂತಲೇ ಕರೆಯುತ್ತಾರೆ. ಮದುವೆಯಾಗಲಿಲ್ಲ. ‘ಹುಲ್ಲಿಗೆ ರಜಾ ಇಲ್ಲ ಭಾವ, ಹೆಂಡ್ತಿಗೆ ಎಲ್ಲಿಂದ ತರಲಿ?’ ಅನ್ನುತ್ತಿದ್ದ. ಗ್ಯಾಲರಿಯ ಕೆಳಗೆ ಒಂದು ಕೋಣೆ, ಅದರಲ್ಲೇ ವಾಸ. ಪ್ರತಿ ವರ್ಷ ಆಟದ ಋತು ಮುಗಿದ ಮೇಲೆ ಅವನು ಹೊಸ ಹುಲ್ಲಿನ ಬೀಜ ಬಿತ್ತುತ್ತಿದ್ದ. ಬೀಜ ಬಿದ್ದರೆ ಪಾರಿವಾಳ ಬಾರದೇ ಇರುತ್ತದೆಯೇ? ಅವನ್ನು ಓಡಿಸಲು ಕ್ಲಬ್ಬಿನ ಹೆಸರಲ್ಲಿ ಒಂದು ಬಂದೂಕು, ಅದಕ್ಕೆ ಲೈಸೆನ್ಸು, ಬಳಸುವವನು ಎಂದು ಇವನ ಹೆಸರು. ಅದರೊಳಗೆ ಹಾಕುತ್ತಿದ್ದದ್ದು ಸದ್ದಿನ ತೋಟಾ ಮಾತ್ರ. ಮದ್ದು ಇರುತ್ತದೆ, ಗುಂಡು ಇರುವುದಿಲ್ಲ. ಢಂ ಅಂದರೆ ಹಕ್ಕಿಗಳೆಲ್ಲ ಎದ್ದು ಒಂದು ಸುತ್ತು ಹಾಕಿ ಹೋಗಿಬಿಡುತ್ತಿದ್ದವು. ಇಪ್ಪತ್ತಮೂರು ವರ್ಷದಲ್ಲಿ ಅವನು ಒಂದು ಪಾರಿವಾಳವನ್ನೂ ಕೊಂದಿಲ್ಲ.

ಬೀಗ ಹಾಕುವ ಮುಂಚೆ ಕ್ಲಬ್ಬಿನ ಸಾಮಾನಿನ ಪಟ್ಟಿ ಮಾಡಬೇಕೆಂದು ನಿಮ್ಮ ಕಚೇರಿಯಿಂದ ಗುಮಾಸ್ತರೊಬ್ಬರು ಬಂದರು. ಅವರಿಗೆ ಧೂಳು ಆಗುವುದಿಲ್ಲವಂತೆ. ಅವರು ಹೊರಗೆ ನೆರಳಿನಲ್ಲಿ ನಿಂತರು. ಅಭಿಮಾನಿ ಸಂಘದ ಕಡೆಯಿಂದ ಸಹಾಯಕ್ಕೆ ಹೋಗಿದ್ದ ನಾನು ಉಗ್ರಾಣದ ಒಳಗೆ ನಿಂತು ಬರೆದೆ. ಬಕೆಟ್ಟು, ಗುದ್ದಲಿ, ನೀರಿನ ಪೈಪು, ಸುಣ್ಣದ ಗೆರೆ ಎಳೆಯುವ ಗಾಡಿ. ಅರವತ್ತೆರಡಕ್ಕೆ ಬಂದಾಗ ಗೋಡೆಗೆ ಒರಗಿಸಿದ್ದ ಬಂದೂಕು ಕಂಡಿತು. ನನ್ನ ಸ್ವಭಾವ ಏನೆಂದರೆ ಒಂದು ಸಣ್ಣ ಸಂಗತಿ ಕಂಡರೆ ಅದರ ಹಿಂದೆ ಹತ್ತು ಅನಾಹುತ ಕಾಣುತ್ತದೆ. ಲೈಸೆನ್ಸು ನವೀಕರಿಸುವ ಗೋಜಿಗೆ ಕಡೆಯ ಮಾಲೀಕರು ಹೋಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ಬಂದೂಕು ಅಂತ ಬರೆದರೆ ಪೊಲೀಸರು ಬರುತ್ತಾರೆ, ಅವಧಿ ಮೀರಿದ ಬಂದೂಕು ಯಾಕೆ ಇಟ್ಟುಕೊಂಡೆ ಅನ್ನುತ್ತಾರೆ, ಕೆಲಸ ಹೋದವನನ್ನು ಲಾಕಪ್ಪಿಗೂ ಹಾಕುತ್ತಾರೆ. ಹೀಗೆಲ್ಲ ಯೋಚಿಸಿ, ‘ಹಕ್ಕಿ ಓಡಿಸುವ ಸಾಧನ – ಒಂದು’ ಅಂತ ಬರೆದೆ. ಗುಮಾಸ್ತರು ಓದದೆ ಸಹಿ ಹಾಕಿದರು. ಹದಿನೈದು ದಿನಕ್ಕೆ ನಿಮ್ಮ ಆದೇಶ ಬಂತು: ಐವತ್ತೆಂಟರಿಂದ ಎಪ್ಪತ್ತೊಂದರವರೆಗಿನ ಸಾಮಾನುಗಳು ಮಾರಾಟಕ್ಕೆ ಯೋಗ್ಯವಲ್ಲ, ಬಳಸುತ್ತಿದ್ದ ನೌಕರನೇ ಅವನ್ನು ಇಟ್ಟುಕೊಳ್ಳಬಹುದು. ಇಪ್ಪತ್ತಮೂರು ವರ್ಷ ದುಡಿದವನಿಗೆ ಕ್ಲಬ್ಬು ಕೊಟ್ಟ ಬೀಳ್ಕೊಡುಗೆ ಎಷ್ಟು ಉದಾರವಾಗಿತ್ತು ನೋಡಿ. ಬಕೆಟ್ಟು, ಪೈಪು, ಬಂದೂಕು.

ಕೋಣೆಗೂ ಬೀಗ ಬಿದ್ದದ್ದರಿಂದ ಅವನು ನಮ್ಮ ಮನೆಗೆ ಬಂದ. ಹಿಂದಿನ ಕೋಣೆ ಕೊಟ್ಟೆವು. ಬಂದೂಕು ಅವನ ಮಂಚದ ಕೆಳಗೆ ಸೇರಿತು. ಮೊದಮೊದಲು ಬೆಳಿಗ್ಗೆ ಎದ್ದು ಮೈದಾನದ ಕಾಂಪೌಂಡಿನ ಹತ್ತಿರ ಹೋಗಿ, ಮುರಿದ ಇಟ್ಟಿಗೆಯ ಸಂದಿಯಲ್ಲಿ ನೋಡಿ ಬರುತ್ತಿದ್ದ. ‘ಹೇಗಿದೆಯೋ?’ ಅಂದರೆ, ‘ಮೊಣಕಾಲುದ್ದ ಬೆಳೆದಿದೆ ಭಾವ. ಪಾರಿವಾಳ ಗೋಲಿನೊಳಗೇ ಕೂತಿವೆ’ ಅನ್ನುತ್ತಿದ್ದ. ಆಮೇಲೆ ಹೋಗುವುದು ಬಿಟ್ಟ. ಬೂಟಿನ ಲೇಸು ಕಟ್ಟುವುದು ಬಿಟ್ಟ. ಬಾಗಿಲಿಗೆ ಬೆನ್ನು ಮಾಡಿ, ಮಂಚದ ಅಂಚಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಾನೆ.

ನಾನು ದೊಡ್ಡಾಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಯಂತ್ರಕ್ಕೆ ಹಾಕುವ ಮುಂಚೆ ಜೇಬು ನೋಡುವುದು ನನ್ನ ಕೆಲಸ. ಪೆನ್ನು, ಮಾತ್ರೆ, ಅರ್ಧ ಬರೆದ ಕಾಗದ, ಒಂದು ಸಲ ಯಾರದೋ ಮದುವೆಯ ಉಂಗುರ, ಎಲ್ಲ ಸಿಕ್ಕಿವೆ. ಮನೆಯಲ್ಲೂ ಅದೇ ಅಭ್ಯಾಸ. ಹೋದ ತಿಂಗಳು ಅವನ ಕೋಟು ಒಗೆಯಲು ತೆಗೆದುಕೊಂಡಾಗ ಒಳಜೇಬಿನಲ್ಲಿ ಎರಡು ತೋಟಾ ಸಿಕ್ಕವು. ಸದ್ದಿನ ತೋಟಾ ನನಗೆ ಗೊತ್ತು, ಕೈಯಲ್ಲಿಟ್ಟರೆ ಹಗುರ, ತುದಿ ಮಡಚಿರುತ್ತದೆ. ಇವು ಭಾರವಾಗಿದ್ದವು, ಮಾನ್ಯರೇ. ಇಷ್ಟು ಸಣ್ಣ ವಸ್ತು ಇಷ್ಟು ಭಾರ ಇರುತ್ತದೆ ಅಂತ ನನಗೆ ತಿಳಿದಿರಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗಲಿಲ್ಲ. ‘ರೀ, ಗ್ಯಾಸ್ ಆಫ್ ಮಾಡಿದ್ದೀನಾ ಅಂತ ಮೂರು ಸಲ ಬಂದು ನೋಡೋರು ನೀವು. ಅವನು ಹಕ್ಕಿ ಹೊಡೆಯೋನಲ್ಲ, ನಿಮಗೂ ಗೊತ್ತು.’

‘ಹಕ್ಕಿ ಮಾತಲ್ಲ ಕಣೇ ನಾನು ಹೇಳ್ತಿರೋದು.’

ಅವಳು ಒಲೆ ಆರಿಸಿ ನೆಲದ ಮೇಲೆ ಕೂತಳು. ಅಂದಿನಿಂದ ಅವಳು ಅಂಗಡಿಗೆ ಹೋಗಬೇಕಾದರೂ ನಾನು ಬರುವವರೆಗೆ ಕಾಯುತ್ತಾಳೆ.

ಆ ತೋಟಾಗಳನ್ನು ಕೆಲಸದ ಜಾಗದ ನನ್ನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಇದೂ ಅಪರಾಧವೇ ಇರಬೇಕು, ಬರೆದುಕೊಳ್ಳಿ. ನನ್ನನ್ನು ಕಾಡುತ್ತಿರುವುದು ಬೇರೆ. ಕೋಟು ಒಗೆದು, ಇಸ್ತ್ರಿ ಮಾಡಿ, ಗೂಟಕ್ಕೆ ನೇತುಹಾಕಿದೆ. ಅವನು ಹಾಕಿಕೊಂಡ, ಒಳಜೇಬಿಗೆ ಕೈ ಹಾಕಿದ, ಕೈ ತೆಗೆದ. ಏನೂ ಕೇಳಲಿಲ್ಲ. ‘ನನ್ನ ಜೇಬಲ್ಲಿದ್ದದ್ದು ಎಲ್ಲಿ?’ ಅಂತ ಒಂದು ಸಲ ಕೇಳಿದ್ದರೆ ಜಗಳವಾಡಬಹುದಿತ್ತು, ಅಳಬಹುದಿತ್ತು, ಏನೋ ಒಂದಾಗುತ್ತಿತ್ತು. ಕೇಳದೆ ಇರುವವನ ಜೊತೆ ಏನು ಮಾತಾಡಲಿ? ಎರಡು ತಂದವನಿಗೆ ಮೂರನೆಯದು ತರಲು ಎಷ್ಟು ಹೊತ್ತು? ಕೆಲಸದಲ್ಲಿ ಯಂತ್ರಗಳ ಗದ್ದಲಕ್ಕೆ ಫೋನು ಕೇಳಿಸುವುದಿಲ್ಲ. ಎದೆಯ ಜೇಬಿನಲ್ಲಿ ಇಟ್ಟುಕೊಂಡು, ಅದು ನಡುಗಿತೇ ಅಂತ ದಿನವಿಡೀ ಕೈ ಇಟ್ಟು ನೋಡುತ್ತೇನೆ. ಮನೆಯಲ್ಲಿ ಗಾಳಿಗೆ ಬಾಗಿಲು ಬಡಿದರೆ ಗಂಡ ಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ, ಹಿಂದಿನ ಕೋಣೆಯಿಂದ ಒಂದು ಕೆಮ್ಮು ಬರುವ ತನಕ.

ಪೊಲೀಸರ ಹತ್ತಿರ ಹೋಗಬಾರದಿತ್ತೇ ಎನ್ನುತ್ತೀರಿ. ಹೋಗಿದ್ದೆ. ಬರೆದುಕೊಳ್ಳುವವರು ಕೇಳಿದರು, ‘ಯಾರಿಗಾದ್ರೂ ಬೆದರಿಕೆ ಹಾಕಿದ್ದಾನಾ?’

‘ಇಲ್ಲ ಸಾರ್.’

‘ಕುಡೀತಾನಾ?’

‘ಇಲ್ಲ.’

‘ಮತ್ತೇನು ಮಾಡ್ತಾನೆ?’

‘ಬೂಟಿನ ಲೇಸು ಕಟ್ಟಲ್ಲ ಸಾರ್.’

ಪಕ್ಕದ ಮೇಜಿನವರಿಗೆ ನಗು ತಡೆಯಲಾಗಲಿಲ್ಲ. ಬೈಯಲಾರೆ, ನನಗೂ ಬೇರೆ ಮಾತು ಸಿಗಲಿಲ್ಲ. ಭಾರದ ತೋಟಾದ ವಿಷಯ ಬಾಯಿಗೆ ಬಂತು, ಹೇಳಿದರೆ ಅವನನ್ನೇ ಎಳೆದುಕೊಂಡು ಹೋಗುತ್ತಾರೆಂದು ನುಂಗಿಕೊಂಡೆ. ಬಂದೂಕು ಕ್ಲಬ್ಬಿನದ್ದು, ಆದ್ದರಿಂದ ಕ್ಲಬ್ಬಿನ ಅಧಿಕಾರಿಯ ಸಹಿ ಇರುವ ಕಾಗದ ತನ್ನಿ, ಒಯ್ಯಲು ನಾವೇ ಬರುತ್ತೇವೆ, ಅಲ್ಲಿಯ ತನಕ ನೀವು ಅದನ್ನು ಬೀದಿಗೆ ತಂದರೆ ನಿಮ್ಮನ್ನೇ ಒಳಗೆ ಹಾಕಬೇಕಾಗುತ್ತದೆ ಅಂದರು. ಕ್ಲಬ್ಬಿನ ಅಧಿಕಾರಿ ಈಗ ನೀವು. ನಿಮ್ಮ ಕಚೇರಿಯೋ ಬಂದೂಕೇ ಇಲ್ಲ ಎನ್ನುತ್ತದೆ. ಇಲ್ಲದ ಬಂದೂಕು, ಇಲ್ಲದ ಕ್ಲಬ್ಬು, ಅವಧಿ ಮೀರಿದ ಲೈಸೆನ್ಸು. ಇಷ್ಟೆಲ್ಲ ಇಲ್ಲಗಳ ನಡುವೆ ನಮ್ಮ ಹಿಂದಿನ ಕೋಣೆಯಲ್ಲಿ ಒಬ್ಬ ಮನುಷ್ಯ ಮಾತ್ರ ಇದ್ದಾನೆ.

ಬಂದೂಕೇ ಕೂಡದು ಎನ್ನುವವನಲ್ಲ ನಾನು. ಏಣಿಯಂತೆ, ಕೊಡಲಿಯಂತೆ ಅದೂ ಒಂದು ಸಾಮಾನು ಅಂತಲೇ ಬಹಳ ವರ್ಷ ತಿಳಿದಿದ್ದೆ. ಆದರೆ ಏಣಿ ಮನೆಯಲ್ಲಿದ್ದರೆ ಅದು ಎಲ್ಲಿದೆ ಅಂತ ಯಾರೂ ಗಳಿಗೆಗೊಮ್ಮೆ ನೆನಪಿಸಿಕೊಳ್ಳುವುದಿಲ್ಲ. ಬಂದೂಕು ಕೊಡುವಾಗ ಸರ್ಕಾರ ಎಲ್ಲ ಕೇಳುತ್ತದೆ: ಕೆಲಸ ಏನು, ನಡತೆ ಹೇಗೆ, ತಲೆ ಸರಿ ಇದೆಯೇ. ಕೇಳುವುದು ಒಂದೇ ಸಲ. ಆಗ ಅವನಿಗೆ ಕೆಲಸ ಇತ್ತು, ಕೋಣೆ ಇತ್ತು, ಬೆಳಿಗ್ಗೆ ಎದ್ದರೆ ನೀರು ಕೇಳುವ ಹುಲ್ಲು ಇತ್ತು. ಅವೆಲ್ಲವನ್ನೂ ನೀವು ಸಾಲು ಸಾಲಾಗಿ ಬರೆದು ಕಿತ್ತುಕೊಂಡಿರಿ, ಬಂದೂಕೊಂದನ್ನು ಬಿಟ್ಟಿರಿ. ಅಂದಿನ ಮನುಷ್ಯನಿಗೆ ಕೊಟ್ಟದ್ದು ಇಂದಿನ ಮನುಷ್ಯನ ಕೈಯಲ್ಲಿದೆ. ಕ್ಲಬ್ಬು ಮುಚ್ಚಿದಾಗ ಕುರ್ಚಿ ಎಷ್ಟು, ಬಲ್ಬು ಎಷ್ಟು ಅಂತ ಎಣಿಸುವ ಕಾನೂನು, ಅಲ್ಲಿದ್ದವರು ಹೇಗಿದ್ದಾರೆ ಅಂತ ಒಂದು ಸಲ ಕೇಳಬಾರದೇ? ಅದಕ್ಕೊಂದು ಕಾಲಮ್ಮು ಎಳೆಯಲು ಎಷ್ಟು ಶಾಯಿ ಬೇಕು?

ತಪ್ಪು ನನ್ನದೂ ಇದೆ, ಮುಚ್ಚಿಡುವುದಿಲ್ಲ. ಸುಳ್ಳು ಬರೆದವನು ನಾನು. ಆ ಒಂದು ಸಾಲು ನೆಟ್ಟಗೆ ಬರೆದಿದ್ದರೆ ಪೊಲೀಸರು ಅಂದೇ ಅದನ್ನು ಒಯ್ಯುತ್ತಿದ್ದರು. ಅವನನ್ನು ಉಳಿಸಲು ಹೋಗಿ ನಾನೇ ಅವನ ಮಂಚದ ಕೆಳಗೆ ಅದನ್ನು ಇಟ್ಟ ಹಾಗಾಯಿತು. ಕೇಸು ಹಾಕುವುದಿದ್ದರೆ ಹಾಕಿ, ಬರುತ್ತೇನೆ. ಆದರೆ ಮೊದಲು ಬಂದೂಕು, ಆಮೇಲೆ ನಾನು.

ಈ ಪತ್ರ ಕಳಿಸುವ ಮೊದಲು ಅವನಿಗೆ ಓದಿ ಹೇಳಿದೆ. ಅವನ ವಿಷಯ ನಾಲ್ಕು ಜನರ ಬಾಯಿಗೆ ಬೀಳುವಾಗ ಅವನಿಗೆ ಗೊತ್ತಿರಬೇಕಲ್ಲ. ಭಾರದ ತೋಟಾದ ಭಾಗವನ್ನೂ ಬಿಡದೆ ಓದಿದೆ. ಅವನು ನೆಲ ನೋಡುತ್ತ ಕೂತಿದ್ದ. ಬಾಗಿಲ ಹಿಂದೆ ಅವನ ಅಕ್ಕ ನಿಂತಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಓದಿ ಮುಗಿಸಿದ ಮೇಲೆ ಅವನು, ‘ಬೇಗ ಕಳಿಸಿ ಭಾವ’ ಅಂದ.

ಮಾನ್ಯರೇ, ಅಷ್ಟೇ ಹೇಳಿದ. ನಾನು ಕೇಳುವುದೂ ಅಷ್ಟೇ. ಅರವತ್ತೆರಡನೇ ಸಾಲಿನಲ್ಲಿ ನಾನು ಬರೆದದ್ದನ್ನು ಹೊಡೆದುಹಾಕಿ, ‘ಬಂದೂಕು’ ಅಂತ ನಿಮ್ಮ ಕೈಯಾರೆ ಬರೆಯಿರಿ. ಕೆಳಗೆ ಸಹಿ ಹಾಕಿ. ಆ ಕಾಗದ ಹಿಡಿದು, ನೀವೋ ನಿಮ್ಮವರೋ ಪೊಲೀಸರನ್ನು ಕರೆದುಕೊಂಡು ನಾಳೆ ಬನ್ನಿ. ನಾಡಿದ್ದು ಅನ್ನಬೇಡಿ. ವಿಳಾಸ ನಿಮ್ಮ ಕಡತದಲ್ಲಿ ಮೂರು ಕಡೆ ಇದೆ. ಬಾಗಿಲು ಜೋರಾಗಿ ಬಡಿಯಬೇಡಿ, ಮೆಲ್ಲಗೆ ಕರೆಯಿರಿ; ನಾವು ಎಚ್ಚರವಾಗಿಯೇ ಇರುತ್ತೇವೆ.

ಇಂತಿ,
ಮೂವತ್ತು ವರ್ಷ ಗ್ಯಾಲರಿಯಲ್ಲಿ ನಿಂತು ಕೂಗಿದವನು,
ಈಗ ಸ್ವಂತ ಮನೆಯಲ್ಲಿ ಉಸಿರು ಬಿಗಿಹಿಡಿದು ಕೂತವನು